ಏನೂ ಆಗಲ್ಲ, ಬನ್ನಿ

ಚಿತ್ರದುರ್ಗದ ಕೋಟೆಯಲ್ಲಿ ಗೈಡ್ ಕೆಲಸ ಮಾಡುವ ನನಗೆ ಒಂದು ಮಾತು ಬಾಯಿಪಾಠವಾಗಿಬಿಟ್ಟಿತ್ತು. ‘ಏನೂ ಆಗಲ್ಲ, ಬನ್ನಿ.’ ಓಬವ್ವನ ಕಿಂಡಿ ಹತ್ತಿರ ಹಿಂಜರಿದರೂ ಇದೇ, ಕೋತಿ ಕಂಡು ನಿಂತರೂ ಇದೇ. ಹುಬ್ಬಳ್ಳಿ, ತುಮಕೂರಿನವರಿಗೆ ಅಷ್ಟು ಸಾಕು. ‘ಹೌದೇನಣ್ಣ’ ಅಂತ ಹಿಂದೆ ಬರುತ್ತಾರೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಟೂರಿಸ್ಟ್ ವೀಸಾ ನಿಂತಿತು. ಹಂಪಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿಯುತ್ತಿದ್ದ ವಿದೇಶಿಯರು ಮಾಯವಾದರು. 2021ರ ನವೆಂಬರ್‌ನಲ್ಲಿ ವೀಸಾ ಮತ್ತೆ ಶುರು, 2022ರ ಮಾರ್ಚ್ 27ರಿಂದ ಮಾಮೂಲಿ ವಿಮಾನಗಳೂ ಬಂದವು. ಇನ್ನೇನು ಬಂದೇ ಬಿಡ್ತಾರೆ ಅಂದುಕೊಂಡೆ. ಬಾಗಿಲು ತೆಗೆದ ತಕ್ಷಣ ನೆಂಟರು ಬರ್ತಾರಾ? ಜಪಾನಿನವರಂತೂ ತುಂಬಾ ತಡ. ಅವರ ದೇಶವೇ ಪ್ರವಾಸಿಗರಿಗೆ ಪೂರ್ತಿ ತೆರೆದುಕೊಂಡದ್ದು 2022ರ ಅಕ್ಟೋಬರ್ 11ಕ್ಕೆ.

ಆಮೇಲೆ ಅಲ್ಲಿಂದ ಗಂಡ ಹೆಂಡತಿ ಬಂದರು. ಚಂದ್ರವಳ್ಳಿಯ ಗುಹೆಯೊಳಗಿರುವ ಅಂಕಲಿ ಮಠಕ್ಕೆ ಕರೆದುಕೊಂಡು ಹೋದೆ. ಒಳಗೆ ಕತ್ತಲೆ, ತಲೆ ತಗ್ಗಿಸಿ ಇಳಿಯಬೇಕು. ನಾನು ಟಾರ್ಚ್ ಹಾಕಿ ‘ನೋ ಪ್ರಾಬ್ಲಂ, ಕಮ್’ ಅಂದೆ. ಆಯಮ್ಮ ಮಾಸ್ಕ್ ಸರಿ ಮಾಡಿಕೊಂಡು ಗಂಡನ ಮುಖ ನೋಡಿದರು. ಬೇಡ ಅನ್ನಲಿಲ್ಲ, ನಗುತ್ತಾ ಹೊರಗೇ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಗಂಡ ಮೆಲ್ಲಗೆ ಕೇಳಿದರು. ಒಳಗೆ ಎಷ್ಟು ನಿಮಿಷ? ಈಗ ಎಷ್ಟು ಜನ ಇದ್ದಾರೆ? ಟಾರ್ಚ್ ಕೆಟ್ಟರೆ?

ನನ್ನ ಹತ್ತಿರ ಇದ್ದದ್ದು ಒಂದೇ ಟಾರ್ಚ್.

‘ಏನೂ ಆಗಲ್ಲ’ ಅಂದರೆ ನಮ್ಮ ಕಡೆ ‘ನಾನಿದ್ದೀನಿ’ ಅಂತ ಅರ್ಥ. ಅವರಿಗೆ ‘ಇವನು ಏನೂ ಯೋಚನೆ ಮಾಡಿಲ್ಲ’ ಅಂತ ಕೇಳಿಸಿರಬೇಕು.

ಮುಂದೇನೋ ಗೊತ್ತಿಲ್ಲದ ಸ್ಥಿತಿ ಒಂದು ಸಮಾಜಕ್ಕೆ ಎಷ್ಟು ಕಿರಿಕಿರಿ ಅನ್ನುವುದಕ್ಕೂ ಒಂದು ಅಳತೆ ಇದೆ. ಡಚ್ ವಿದ್ವಾಂಸ ಹಾಫ್‌ಸ್ಟೆಡೆ ಐಬಿಎಂ ನೌಕರರ ಸಮೀಕ್ಷೆಯಿಂದ ಮಾಡಿದ್ದು. ಜಪಾನ್‌ಗೆ 92, ಭಾರತಕ್ಕೆ 40. ಓದಿ ತಲೆದೂಗಿದೆ. ಆದರೆ ಇಸ್ರೇಲ್‌ಗೂ 81 ಇದೆ, ನನ್ನ ಹತ್ತಿರ ಎಲ್ಲರಿಗಿಂತ ಮೊದಲು ವಾಪಸ್ ಬಂದವರು ಇಸ್ರೇಲಿನ ಹುಡುಗರೇ! ಅಂಕಿಯನ್ನು ಯಾರ ಹಣೆಗೂ ಅಂಟಿಸೋಕಾಗಲ್ಲ.

ಈಗ ಬರುವ ಮುಂಚೆಯೇ ವಾಟ್ಸಾಪ್‌ನಲ್ಲಿ ಬರೆದು ಕಳಿಸುತ್ತೇನೆ. ಎಷ್ಟು ಹೊತ್ತು ಹತ್ತಬೇಕು, ನೆರಳು ಎಲ್ಲಿ, ಮಳೆ ಬಂದರೆ ಯಾವ ಬಂಡೆ ಜಾರುತ್ತದೆ, ಆಸ್ಪತ್ರೆಗೆ ಕಾರಿನಲ್ಲಿ ಎಷ್ಟು ನಿಮಿಷ. ಟಾರ್ಚ್ ಮೂರು ಇಟ್ಟುಕೊಂಡಿದ್ದೇನೆ. ಅಂಕಲಿ ಮಠಕ್ಕೆ ಮೊದಲು ಹೋದ ಗುಂಪು ಹೊರಗೆ ಬಂದ ಮೇಲೆಯೇ ಇಳಿಯುವುದು. ಇದೇ ಪಟ್ಟಿಯನ್ನು ಇಂಗ್ಲೆಂಡಿನ ಅಜ್ಜ ಒಬ್ಬರಿಗೆ ಕಳಿಸಿದರೆ, ‘ಅಷ್ಟೊಂದು ಅಪಾಯವಾ?’ ಅಂತ ಗಾಬರಿ ಬಿದ್ದರು. ಅದಕ್ಕೇ ಈಗ ಮೊದಲು ಕೇಳುತ್ತೇನೆ, ಏನೇನು ತಿಳಿಯಬೇಕು ಅಂತ. ಕೆಲವರಿಗೆ ಎರಡೇ ಸಾಲು ಸಾಕು.

ಊಟದ ಭಯದ ಲೆಕ್ಕವೇ ಬೇರೆ. ಅಮೆರಿಕದ ಹೆಂಗಸೊಬ್ಬರು ನೀರಿನ ಬಾಟಲಿಯ ಸೀಲ್ ಮೂರು ಸಲ ನೋಡಿ ಕುಡಿದರು. ಆದರೆ ಗಾಡಿಯ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿಯನ್ನು ಧೈರ್ಯವಾಗಿ ತಿಂದರು, ಕಾದ ಎಣ್ಣೆಯಿಂದ ಬಂದದ್ದು ಅಲ್ವಾ. ಮಂಡಕ್ಕಿಯಲ್ಲಿ ಹಸಿ ಈರುಳ್ಳಿ ಕಂಡದ್ದೇ ಕೈ ಹಿಂದೆ. ‘ಏನೂ...’ ಅಂತ ಬಾಯಿ ತೆರೆದವನು ನಾಲಿಗೆ ಕಚ್ಚಿಕೊಂಡೆ. ಸುಮ್ನೆ ಅವರ ಪಾಲಿನ ಮಂಡಕ್ಕಿಯನ್ನೂ ನಾನೇ ಮುಗಿಸಿದೆ.