ಝಿಗ್ ಹೇಳಿಕೊಡುವಾಗ ಹಳೇ ಕೋಡ್‌ನ ಕಾಟ

ಬಿಡುವಿದ್ದಾಗ ಒಂದಿಷ್ಟು ಹುಡುಗರಿಗೆ ಝಿಗ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಆಂಡ್ರ್ಯೂ ಕೆಲ್ಲಿ 2016ರಲ್ಲಿ ಜನರ ಮುಂದಿಟ್ಟ ಈ ಭಾಷೆ ಇನ್ನೂ 1.0, ಅಂದರೆ ಸ್ಥಿರ ಆವೃತ್ತಿ, ತಲುಪಿಲ್ಲ. ಹಾಗಾಗಿ ಪ್ರತಿ ಆವೃತ್ತಿಯಲ್ಲೂ ಏನಾದರೊಂದು ಮುರಿಯುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಗೂಗಲ್‌ನಲ್ಲಿ ಮೊದಲು ಸಿಗುವ ಹಳೇ ಕೋಡ್ ಬಗ್ಗೆ.

ಸ್ಕ್ರೀನ್ ಮೇಲೆ ಒಂದು ಸಾಲು ಬರೆಯುವುದನ್ನೇ ನೋಡಿ. 0.14ರವರೆಗೆ 'ಗೆಟ್‌ಎಸ್‌ಟಿಡಿಔಟ್' ಎಂಬ ಫಂಕ್ಷನ್ ಕರೆದು, ರೈಟರ್ (ಬರೆಯುವ ಸಾಧನ) ತಗೊಂಡು ಬರೆದರೆ ಮುಗಿಯಿತು. 2025ರ ಆಗಸ್ಟ್‌ನಲ್ಲಿ ಬಂದ 0.15ರಲ್ಲಿ ಅದು ಇಲ್ಲ. ಅಕ್ಷರಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ, ಅಂದರೆ ಬಫರ್, ನೀವೇ ಕೊಡಬೇಕು, ಕೊನೆಗೆ ಅದನ್ನು ಫ್ಲಶ್ ಮಾಡಬೇಕು, ಅಂದರೆ ಸ್ಕ್ರೀನಿಗೆ ಕಳಿಸಬೇಕು. ಹಳೇ ಕೋಡ್ ಹಾಕಿದರೆ ಕಂಪೈಲರ್ (ಕೋಡನ್ನು ಪ್ರೋಗ್ರಾಂ ಆಗಿ ಬದಲಿಸುವ ತಂತ್ರಾಂಶ) ಬೈಯುತ್ತದೆ, ಅದು ವಾಸಿ. ಹೊಸ ರೀತಿಯಲ್ಲಿ ಬರೆದು ಫ್ಲಶ್ ಮರೆತರೆ ಎರರ್ ಇಲ್ಲ, ಸ್ಕ್ರೀನ್ ಮೇಲೆ ಅಕ್ಷರವೂ ಇಲ್ಲ. ಹೊಸಬರು ಇಲ್ಲೇ ಭಾಷೆಯನ್ನು ಕೈಬಿಡುತ್ತಾರೆ.

ಅದಕ್ಕೇ ಯಾರು ಏನೇ ಕೇಳಿದರೂ ನಾನು ಮೊದಲು 'ಝಿಗ್ ವರ್ಷನ್' ಅಂತ ಟೈಪ್ ಮಾಡಿಸುತ್ತೇನೆ. ಬಂದ ನಂಬರ್ ನೋಡಿಕೊಂಡು ಅಧಿಕೃತ ಡಾಕ್ಯುಮೆಂಟೇಶನ್‌ನಲ್ಲಿ ಅದೇ ಆವೃತ್ತಿಯ ಪುಟ ತೆರೆಸುತ್ತೇನೆ. ಸುಮಾರು ಜನ ಗೊತ್ತಿಲ್ಲದೇ 'ಮಾಸ್ಟರ್' ಪುಟ ಓದುತ್ತಿರುತ್ತಾರೆ. ಅದು ಇನ್ನೂ ಬಿಡುಗಡೆಯಾಗದ ಕೋಡ್‌ನದು, ಅವರ ಕಂಪೈಲರ್‌ಗೆ ಹೊಂದಲ್ಲ.

ನನಗೆ ಜಾಸ್ತಿ ಕೈಹಿಡಿದದ್ದು ಮಾತ್ರ ಬೇರೆ ಜಾಗ. 'ಝಿಗ್ ಎನ್ವ್' ಅಂತ ಹೊಡೆದರೆ ಸ್ಟ್ಯಾಂಡರ್ಡ್ ಲೈಬ್ರರಿ (ಭಾಷೆಯ ಜೊತೆ ಬರುವ ಸಿದ್ಧ ಕೋಡ್) ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲಿದೆ ಅಂತ ತೋರಿಸುತ್ತದೆ. ಅಲ್ಲಿ ಪಟ್ಟಿ ಇಡಲು ಬಳಸುವ ಅರೇಲಿಸ್ಟ್‌ನ ಫೈಲ್ ತೆರೆದು 'ಟೆಸ್ಟ್' ಅಂತ ಹುಡುಕಿ. ಪಟ್ಟಿ ಹೇಗೆ ಶುರು ಮಾಡಬೇಕು, ಪಟ್ಟಿಗೆ ಸೇರಿಸುವ 'ಅಪೆಂಡ್'ಗೆ ಮೆಮೊರಿ ಒದಗಿಸುವ ಅಲೊಕೇಟರ್ ಕೊಡಬೇಕೋ ಬೇಡವೋ, ಮೆಮೊರಿ ಹೇಗೆ ಬಿಡಬೇಕು, ಎಲ್ಲ ಕೋಡ್ ಸರಿಯಿದೆಯೇ ಅಂತ ಪರೀಕ್ಷಿಸುವ ಪುಟ್ಟ ಪುಟ್ಟ ಟೆಸ್ಟ್‌ಗಳಲ್ಲಿ ಸಿಗುತ್ತದೆ. ಈ ಕೋಡ್ ಕಂಪೈಲರ್ ಜೊತೆಗೇ ಬಂದದ್ದು, ಹಾಗಾಗಿ ಹಳತಾಗುವ ಪ್ರಶ್ನೆಯೇ ಇಲ್ಲ. ಲೈಬ್ರರಿ ಒಳಗೆ ಇಣುಕಲು ಹುಡುಗರಿಗೆ ಮೊದಲು ಭಯ. ಪಕ್ಕದಲ್ಲಿ ಕೂತು ಒಂದೆರಡು ಫೈಲ್ ಓದಿಸಿದರೆ ಆಮೇಲೆ ಅವರೇ ಹೋಗುತ್ತಾರೆ.

ಹಾಗಂತ ಹಳೇ ಲೇಖನಗಳನ್ನು ಓದಲೇಬೇಡಿ ಅನ್ನಲ್ಲ. ವಿವರಣೆ ಚೆನ್ನಾಗಿದ್ದರೆ ಓದಲಿ, ತಾರೀಖು ನೋಡಿಕೊಂಡು. 'ಫಾರ್' ಲೂಪ್‌ನಲ್ಲಿ ಇಂಡೆಕ್ಸ್ (ಎಷ್ಟನೆಯದು ಅನ್ನುವ ಸಂಖ್ಯೆ) ಬೇಕೆಂದರೆ 2023ರ 0.11ರಿಂದ ಸೊನ್ನೆ ಮತ್ತು ಎರಡು ಚುಕ್ಕಿ ಬರೆಯಬೇಕು. ಅದಿಲ್ಲದೇ ಇಂಡೆಕ್ಸ್ ತಗೊಂಡಿದ್ದರೆ ಲೇಖನ ಅದಕ್ಕಿಂತ ಹಳೆಯದು. ಇಂಥ ಗುರುತು ಒಂದೆರಡು ಗೊತ್ತಿದ್ದರೆ ಸಾಕು. ಯಾವುದಾದರೂ ಫಂಕ್ಷನ್ ಮಾಯವಾಗಿದ್ದರೆ ಅದರ ಹೆಸರನ್ನು ಆವೃತ್ತಿಯ ಬದಲಾವಣೆ ತಿಳಿಸುವ ರಿಲೀಸ್ ನೋಟ್ಸ್‌ನಲ್ಲಿ ಹುಡುಕಿಸುತ್ತೇನೆ. ದೊಡ್ಡ ಬದಲಾವಣೆಗಳಿಗೆ ಅಲ್ಲಿ ಹಳೇ ಕೋಡ್, ಹೊಸ ಕೋಡ್ ಎರಡೂ ಇರುತ್ತವೆ. ಚಾಟ್‌ಬಾಟ್ ಕೇಳುವವರಿಗೂ ಅದೇ ಮಾತು: ಆ ಭಾಗವನ್ನು ಮೊದಲು ಅಂಟಿಸಿ, ಆಮೇಲೆ ಪ್ರಶ್ನೆ ಕೇಳಿ. ಇಲ್ಲದಿದ್ದರೆ ಸುಮ್ನೆ 'ಗೆಟ್‌ಎಸ್‌ಟಿಡಿಔಟ್' ಅಂತಲೇ ಬರೆದುಕೊಡುತ್ತದೆ, ಅದೂ ಎಷ್ಟು ಧೈರ್ಯವಾಗಿ!

ನನ್ನ ಸ್ವಂತ ಉದಾಹರಣೆಗಳನ್ನೂ ಈಗ ಟೆಸ್ಟ್ ರೂಪದಲ್ಲೇ ಇಡುತ್ತೇನೆ. ಮೊದಲ ಸಾಲಿನಲ್ಲಿ ಆವೃತ್ತಿಯ ನಂಬರ್. ರಾತ್ರಿ ಒಂದು ಸ್ಕ್ರಿಪ್ಟ್ ಎಲ್ಲವನ್ನೂ ಕಂಪೈಲ್ ಮಾಡುತ್ತದೆ, ಒಮ್ಮೆ ಬಿಡುಗಡೆಯಾದ ಆವೃತ್ತಿಯಲ್ಲಿ, ಇನ್ನೊಮ್ಮೆ ಮಾಸ್ಟರ್‌ನಲ್ಲಿ. ಮಾಸ್ಟರ್‌ನಲ್ಲಿ ಮುರಿದರೆ ಮುಂದೆ ಏನು ಬರಲಿದೆ ಅಂತ ಮೊದಲೇ ಗೊತ್ತಾಗುತ್ತದೆ. ತಿದ್ದಲು ಪುರುಸೊತ್ತು ಆಗದ ಉದಾಹರಣೆಯನ್ನು ಅಳಿಸಿಬಿಡುತ್ತೇನೆ. 'ಸರ್, ಅದು ಚೆನ್ನಾಗಿತ್ತಲ್ವಾ' ಅಂತ ಹುಡುಗರು ಕೇಳುತ್ತಾರೆ. ಬೇಕಿದ್ದರೆ ನೀವೇ ಹೊಸ ಆವೃತ್ತಿಗೆ ತಿದ್ದಿ ಕೊಡಿ, ವಾಪಸ್ ಹಾಕುತ್ತೇನೆ ಅನ್ನುತ್ತೇನೆ. ಕೆಲವರು ಕೊಟ್ಟಿದ್ದಾರೆ.