ಎದೆಯುರಿ ಕ್ಲೇಮ್ ತಿರಸ್ಕಾರವಾಯಿತೇ? ಅಮೆರಿಕದ ಮಾಜಿ ಸೈನಿಕರು ಮೇಲ್ಮನವಿ ಹಾಕುವುದು ಹೀಗೆ

ಅಮೆರಿಕದ ಸೇನೆಯಲ್ಲಿ ದುಡಿದು ಬಂದವರಿಗೆ ಸೇವೆಯಿಂದ ಅಂಟಿಕೊಂಡ ಕಾಯಿಲೆಗಳಿದ್ದರೆ, ಅಲ್ಲಿನ ಮಾಜಿ ಸೈನಿಕರ ಇಲಾಖೆ ತಿಂಗಳು ತಿಂಗಳು ಪರಿಹಾರ ಕೊಡುತ್ತದೆ. ಎಲ್ಲರ ಬಾಯಲ್ಲೂ ಅದು ‘ವಿಎ’. ಮಂಡಿ, ಬೆನ್ನು, ಕಿವಿಯ ತೊಂದರೆ ಹೇಳಿದರೆ ಕೇಳುವವರಿಗೆ ಬೇಗ ಅರ್ಥವಾಗುತ್ತದೆ. ಎದೆಯುರಿ, ಹುಳಿತೇಗು ಅಂದರೆ ಮಾತ್ರ ‘ಅದು ಯಾರಿಗಿಲ್ಲ?’ ಅನ್ನುತ್ತಾರೆ. ಡಾಕ್ಟರುಗಳು ಗರ್ಡ್ ಎಂದು ಕರೆಯುವ ಈ ಆಸಿಡ್ ರಿಫ್ಲಕ್ಸ್ ಕ್ಲೇಮುಗಳು ಸಾಮಾನ್ಯವಾಗಿ ಸೋಲುವುದು ಕಾಯಿಲೆ ಇಲ್ಲ ಅಂತಲ್ಲ. ಕಾಯಿಲೆಗೂ ಸೇವೆಗೂ ನಡುವಿನ ಕೊಂಡಿ ಕಾಗದದ ಮೇಲೆ ಇಲ್ಲ ಅಂತ. ಮೇಲ್ಮನವಿ ಅಂದರೆ ಬಹುಪಾಲು ಆ ಕೊಂಡಿಯನ್ನು ಕೂಡಿಸುವ ಕೆಲಸ.

ಮೊದಲು ಪತ್ರ ಓದಿ

‘ಇಲ್ಲ’ ಅಂದ ಪತ್ರವನ್ನು ಸಿಟ್ಟಿನಲ್ಲಿ ಡ್ರಾಯರಿಗೆ ಹಾಕಬೇಡಿ. ಒಪ್ಪಿಗೆಗೆ ಮೂರು ವಿಷಯ ಬೇಕು: ಈಗ ಕಾಯಿಲೆ ಇದೆ ಎಂಬ ರೋಗನಿರ್ಣಯ, ಸೇವೆಯಲ್ಲಿದ್ದಾಗ ನಡೆದ ಘಟನೆ ಅಥವಾ ಕಂಡ ಲಕ್ಷಣ, ಇವೆರಡನ್ನೂ ಜೋಡಿಸುವ ವೈದ್ಯರ ಅಭಿಪ್ರಾಯ. ಇದರಲ್ಲಿ ಯಾವುದು ಸಿಗಲಿಲ್ಲ ಎಂದು ಪತ್ರದಲ್ಲೇ ಬರೆದಿರುತ್ತಾರೆ. ನಿಮ್ಮ ಪರವಾಗಿ ಏನನ್ನು ಒಪ್ಪಿದ್ದಾರೆ ಅನ್ನುವ ಭಾಗವೂ ಇರುತ್ತದೆ. ಅದಕ್ಕೆ ಗುರುತು ಹಾಕಿಟ್ಟುಕೊಳ್ಳಿ. ಒಮ್ಮೆ ಒಪ್ಪಿದ್ದನ್ನು ಮುಂದಿನ ಅಧಿಕಾರಿ ಸುಮ್ನೆ ತೆಗೆದುಹಾಕುವಂತಿಲ್ಲ, ಸ್ಪಷ್ಟವಾದ ತಪ್ಪು ತೋರಿಸಬೇಕು.

ಪತ್ರದ ತಾರೀಕನ್ನೂ ಬರೆದಿಟ್ಟುಕೊಳ್ಳಿ. ಅಲ್ಲಿಂದ ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಟ್ಟರೆ, ಗೆದ್ದಾಗ ಬಾಕಿ ಹಣ ಸಾಮಾನ್ಯವಾಗಿ ಹಳೆಯ ಅರ್ಜಿಯ ದಿನದಿಂದಲೇ ಲೆಕ್ಕವಾಗುತ್ತದೆ. ಗಡುವು ದಾಟಿದರೂ ಹೊಸ ಸಾಕ್ಷ್ಯದೊಂದಿಗೆ ಮತ್ತೆ ಕೇಳಬಹುದು. ಆದರೆ ಹಿಂದಿನ ತಿಂಗಳುಗಳ ಹಣ ಕೈತಪ್ಪುತ್ತದೆ.

ಜೊತೆಗೆ, ವಿಎ ಕಳಿಸಿದ ವೈದ್ಯರು ನಿಮ್ಮನ್ನು ಪರೀಕ್ಷೆ ಮಾಡಿ ಬರೆದ ವರದಿಯ ಪ್ರತಿ ಕೇಳಿ ತರಿಸಿಕೊಳ್ಳಿ. ತಪ್ಪು ಸಿಗುವುದು ಜಾಸ್ತಿ ಅಲ್ಲೇ.

ಕೊಂಡಿ ಎಲ್ಲಿದೆ ಹುಡುಕಿ

ಸೇವೆಯಲ್ಲಿದ್ದಾಗಲೇ ಎದೆಯುರಿ ಶುರುವಾಗಿತ್ತು ಅನ್ನುವುದು ನೇರ ದಾರಿ. ತೊಂದರೆ ಏನೆಂದರೆ, ಅಂಗಡಿಯಲ್ಲಿ ಸಿಗುವ ಟಮ್ಸ್ ಮಾತ್ರೆ ಜಗಿದು ಕೆಲಸಕ್ಕೆ ಹೋದವರ ದಾಖಲೆಯಲ್ಲಿ ಏನೂ ಇರುವುದಿಲ್ಲ. ಆದರೆ ದಾಖಲೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸೈನಿಕನ ಮಾತನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ಕೊಟ್ಟ ಬುಕಾನನ್ ತೀರ್ಪು ಹೇಳಿದ್ದು ಇದನ್ನೇ. ಎದೆ ಉರಿಯುತ್ತಿತ್ತು, ಬಾಯಿಗೆ ಹುಳಿನೀರು ಬರುತ್ತಿತ್ತು ಎಂದು ಹೇಳಲು ಡಾಕ್ಟರೇ ಆಗಬೇಕಿಲ್ಲ, ಅಲ್ವಾ? ನಿಮ್ಮದೊಂದು, ಹೆಂಡತಿಯದೋ ಗಂಡನದೋ ಒಂದು, ಜೊತೆಗಿದ್ದ ಸೈನಿಕನದೊಂದು ಲಿಖಿತ ಹೇಳಿಕೆ ಕೊಡಿ. ಅದಕ್ಕೆ 21-10210 ಎಂಬ ಫಾರಂ ಇದೆ. ‘ತುಂಬಾ ಕಷ್ಟಪಟ್ಟರು’ ಅಂತ ಬರೆಸಬೇಡಿ. ‘ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗುತ್ತಿದ್ದರು, ವಾರಕ್ಕೆ ನಾಲ್ಕು ಸಲ ಕೆಮ್ಮುತ್ತಾ ಏಳುತ್ತಿದ್ದರು’ ಅಂತ ಬರೆಸಿ.

ಬಳಸು ದಾರಿ ಎಷ್ಟೋ ಸಲ ಇದಕ್ಕಿಂತ ಗಟ್ಟಿ. ಉದಾಹರಣೆಗೆ, ಮಂಡಿನೋವನ್ನು ವಿಎ ಆಗಲೇ ಸೇವೆಯ ಕಾಯಿಲೆ ಎಂದು ಒಪ್ಪಿದೆ ಅಂತಿಟ್ಟುಕೊಳ್ಳಿ. ಅದಕ್ಕೆ ವರ್ಷಗಟ್ಟಲೆ ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ನುಂಗಿದ್ದೀರಿ. ಆ ಮಾತ್ರೆಗಳಿಂದ ಹೊಟ್ಟೆ, ಅನ್ನನಾಳ ಕೆಟ್ಟಿದ್ದರೆ ಎದೆಯುರಿಯೂ ಪರಿಹಾರಕ್ಕೆ ಬರುತ್ತದೆ. ಮಂಡಿಯಿಂದ ಓಡಾಟ ನಿಂತು, ತೂಕ ಏರಿ, ಅದರಿಂದ ರಿಫ್ಲಕ್ಸ್ ಬಂತು ಅನ್ನುವ ವಾದಕ್ಕೂ ಅವಕಾಶವಿದೆ. ಬೊಜ್ಜನ್ನು ನಡುವಿನ ಮೆಟ್ಟಿಲಾಗಿ ನೋಡಬಹುದು ಎಂದು ವಿಎಯ ಕಾನೂನು ವಿಭಾಗವೇ 2017ರಲ್ಲಿ ಹೇಳಿದೆ. ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ಇದ್ದವರು ಅದರ ಔಷಧಿಗಳ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಬೇಕು.

ಕೊಲ್ಲಿ ಯುದ್ಧದ ಪ್ರದೇಶದಲ್ಲಿದ್ದವರಿಗೆ ಒಂದು ಎಚ್ಚರಿಕೆ. ಕಾರಣ ಸಾಬೀತು ಮಾಡದೆಯೇ ಸಿಗುವ ಹೊಟ್ಟೆಯ ಕಾಯಿಲೆಗಳ ಸಾಲಿನಲ್ಲಿ ಐಬಿಎಸ್ (ಕರುಳು ಪದೇ ಪದೇ ಕೆರಳುವ ತೊಂದರೆ) ಇದೆ, ಗರ್ಡ್ ಇಲ್ಲ. ಅದನ್ನು ನಂಬಿಕೊಂಡು ಕೂರಬೇಡಿ.

ಡಾಕ್ಟರ ಪತ್ರ

ಇಡೀ ಕಡತದಲ್ಲಿ ಹೆಚ್ಚು ತೂಗುವ ಕಾಗದ ಇದು. ‘ಇರಬಹುದು’, ‘ಸಾಧ್ಯತೆ ಇದೆ’ ಅನ್ನುವ ಮಾತು ಸಾಲದು. ಸಂಬಂಧ ಇರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಎಂದು ಡಾಕ್ಟರು ಸ್ಪಷ್ಟವಾಗಿ ಬರೆಯಬೇಕು. ತಕ್ಕಡಿ ಸಮನಾಗಿ ನಿಂತರೆ ತೀರ್ಮಾನ ಸೈನಿಕನ ಕಡೆಗೆ ಎಂಬುದು ನಿಯಮ. ಯಾವ ದಾಖಲೆ ಓದಿದೆ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ವರ್ಷ, ಅದು ಅನ್ನನಾಳಕ್ಕೆ ಏನು ಮಾಡುತ್ತದೆ ಎಂಬ ವಿವರಣೆಯೂ ಇರಲಿ. ಕಾರಣ ಕೊಡದ ಒಂದು ಸಾಲಿನ ಸರ್ಟಿಫಿಕೇಟಿಗೆ, ಎಷ್ಟು ದೊಡ್ಡ ಡಾಕ್ಟರು ಬರೆದರೂ, ಬೆಲೆ ಕಡಿಮೆ.

ಇನ್ನೊಂದು ಮಾತು ಅದರಲ್ಲಿ ಇರಲೇಬೇಕು. ಮಂಡಿಯ ಮಾತ್ರೆಯಿಂದ ಎದೆಯುರಿ ಬಂತೇ ಅನ್ನುವುದು ಒಂದು ಪ್ರಶ್ನೆ. ಮೊದಲೇ ಇದ್ದ ಎದೆಯುರಿ ಅದರಿಂದ ಹೆಚ್ಚಾಯಿತೇ ಅನ್ನುವುದು ಬೇರೆಯದೇ ಪ್ರಶ್ನೆ. ವಿಎ ವೈದ್ಯರು ಮೊದಲನೆಯದಕ್ಕೆ ಮಾತ್ರ ಉತ್ತರ ಬರೆದು ಕೈತೊಳೆದುಕೊಂಡಿದ್ದರೆ, ಆ ವರದಿ ಅಪೂರ್ಣ. ನಿಮ್ಮ ಮೇಲ್ಮನವಿಗೆ ಅದೇ ಆಧಾರವಾಗಬಹುದು.

ಯಾವ ಬಾಗಿಲು?

2019ರ ಫೆಬ್ರುವರಿಯಿಂದ ಮೂರು ದಾರಿಗಳಿವೆ. ಹೊಸ ಸಾಕ್ಷ್ಯ ಕೈಯಲ್ಲಿದ್ದರೆ 20-0995 ಫಾರಂ ತುಂಬಿ ಪೂರಕ ಕ್ಲೇಮ್ ಹಾಕಿ. ಡಾಕ್ಟರ ಪತ್ರ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸಾಕ್ಷ್ಯವೆಲ್ಲ ಕಡತದಲ್ಲೇ ಇದ್ದು, ನೋಡಿದವರು ಎಡವಿದ್ದರೆ 20-0996 ಹಾಕಿ. ಹಿರಿಯ ಅಧಿಕಾರಿಯೊಬ್ಬರು ಅದೇ ಕಡತವನ್ನು ಮತ್ತೆ ನೋಡುತ್ತಾರೆ. ಇಲ್ಲಿ ಹೊಸ ಕಾಗದ ಸೇರಿಸುವಂತಿಲ್ಲ, ಆದರೆ ಫೋನಿನಲ್ಲಿ ತಪ್ಪನ್ನು ತೋರಿಸಿಕೊಡಲು ಅವಕಾಶ ಕೇಳಬಹುದು. ಮೂರನೆಯದು 10182 ಫಾರಂ. ಅದು ಮೇಲ್ಮನವಿ ಮಂಡಳಿಯ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಇದ್ದ ಕಡತದ ಮೇಲೇ ತೀರ್ಪು ಕೇಳಬಹುದು, 90 ದಿನದೊಳಗೆ ಸಾಕ್ಷ್ಯ ಕೊಡುತ್ತೇನೆ ಅನ್ನಬಹುದು, ಇಲ್ಲವೇ ವಿಚಾರಣೆ ಬೇಕು ಅನ್ನಬಹುದು. ಕಾಯುವುದು ಜಾಸ್ತಿ. ಅಲ್ಲೂ ಸೋತರೆ 120 ದಿನದೊಳಗೆ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬಹುದು.

ಶೇಕಡಾವಾರು ಲೆಕ್ಕ

ಕಾಯಿಲೆ ಎಷ್ಟು ತೀವ್ರ ಎಂಬುದನ್ನು ವಿಎ ಶೇಕಡಾದಲ್ಲಿ ಅಳೆಯುತ್ತದೆ, ಪರಿಹಾರದ ಮೊತ್ತ ಅದರ ಮೇಲೆ ನಿಂತಿದೆ. 2024ರ ಮೇ 19ರಂದು ಈ ಅಳತೆಯ ನಿಯಮ ಬದಲಾಯಿತು. ಅದಕ್ಕೂ ಮುಂಚೆ ಗರ್ಡ್‌ಗೆ ವಿಎಯ ಅಳತೆಪಟ್ಟಿಯಲ್ಲಿ ತನ್ನದೇ ಸಂಖ್ಯೆ ಇರಲಿಲ್ಲ. ಹೊಟ್ಟೆಯ ಮೇಲ್ಭಾಗ ಎದೆಯ ಕಡೆಗೆ ಜಾರುವ ಹೈಯಾಟಲ್ ಹರ್ನಿಯಾದ ಅಳತೆಯಲ್ಲೇ ಶೇ 10, 30, 60 ಕೊಡುತ್ತಿದ್ದರು. ಈಗ 7206 ಎಂಬ ಸಂಖ್ಯೆ ಇದೆ. ಅಳೆಯುವುದು ಮಾತ್ರ ಅನ್ನನಾಳ ಕಿರಿದಾಗುವ ಕಾಯಿಲೆಯ ಪಟ್ಟಿಯಿಂದ: ಶೇ 0, 10, 30, 50, 80. ಕಿರಿದಾದದ್ದಕ್ಕೆ ದಾಖಲೆ ಇದ್ದು, ನುಂಗುವ ತೊಂದರೆ ಹತೋಟಿಯಲ್ಲಿರಲು ದಿನಾ ಮಾತ್ರೆ ಬೇಕಿದ್ದರೆ ಶೇ 10. ಮತ್ತೆ ಮತ್ತೆ ಕಿರಿದಾಗಿ, ವರ್ಷಕ್ಕೆ ಎರಡು ಸಲದವರೆಗೆ ಹಿಗ್ಗಿಸಬೇಕಾಗಿ ಬಂದರೆ ಶೇ 30. ಬರೀ ಉರಿಗೆ ಹೆಚ್ಚೇನೂ ಸಿಗದು. ನನ್ನ ಪ್ರಕಾರ ಇದು ರೋಗಿಗಳ ಕಷ್ಟಕ್ಕೆ ನ್ಯಾಯ ಒದಗಿಸದ ಅಳತೆ, ಆದರೆ ಸದ್ಯ ಇರುವುದು ಅದೇ.

ಹಾಗಾಗಿ ಊಟ ಗಂಟಲಲ್ಲಿ ಸಿಕ್ಕಿಕೊಂಡಂತಾಗುತ್ತಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎಂಡೋಸ್ಕೋಪಿ, ಬೇರಿಯಂ ಪರೀಕ್ಷೆ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ಕಂಡದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೇ 19ಕ್ಕೆ ಮುಂಚೆಯೇ ಅರ್ಜಿ ಹಾಕಿ ಇನ್ನೂ ಕಾಯುತ್ತಿರುವವರು ಹಳೆಯ ಅಳತೆಯಲ್ಲೂ ನೋಡಿ ಎಂದು ಬರೆದು ಕೇಳಿ.

ಶೇ 0 ಬಂದರೆ ಸೋತೆವು ಅಂದುಕೊಳ್ಳಬೇಡಿ. ದುಡ್ಡು ಬರದಿದ್ದರೂ ಕಾಯಿಲೆ ಸೇವೆಯದ್ದೆಂದು ಒಪ್ಪಿದಂತಾಯಿತು. ಮುಂದೆ ಹೆಚ್ಚಾದರೆ ಮತ್ತೆ ಕೊಂಡಿ ತೋರಿಸುವ ಗೋಜಿಲ್ಲ. ಮೈಸೂರಿಗೋ ಮಂಗಳೂರಿಗೋ ಬಂದು ನೆಲೆಸಿದ ಮಾಜಿ ಸೈನಿಕರು, ಹಾಗೆ ಒಪ್ಪಿದ ಕಾಯಿಲೆಗೆ ಇಲ್ಲಿ ಮಾಡಿಸಿದ ಚಿಕಿತ್ಸೆಯ ಖರ್ಚನ್ನು ವಿಎಯ ವಿದೇಶಿ ವೈದ್ಯಕೀಯ ಯೋಜನೆಯಿಂದ ಕೇಳಬಹುದು. ನೋಂದಣಿ ಮಾಡಿಸಿ, ಬಿಲ್ಲುಗಳನ್ನು ಜೋಪಾನವಾಗಿಡಿ.

ದುಡ್ಡು ಕೇಳುವವರ ಬಗ್ಗೆ ಹುಷಾರು

ಡಿಎವಿ, ವಿಎಫ್‌ಡಬ್ಲ್ಯು, ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಪುಕ್ಕಟೆಯಾಗಿ ಸಹಾಯ ಮಾಡುತ್ತಾರೆ. ಮೊದಲ ಅರ್ಜಿ ತಯಾರಿಸಲು ಯಾರೂ ಶುಲ್ಕ ಕೇಳುವಂತಿಲ್ಲ. ಮೇಲ್ಮನವಿಗೆ ವಕೀಲರನ್ನು ಹಿಡಿದರೆ, ಗೆದ್ದ ಬಾಕಿ ಹಣದಲ್ಲಿ ಶೇ 20ರವರೆಗಿನ ಶುಲ್ಕವನ್ನು ನ್ಯಾಯವಾದುದು ಎಂದೇ ನೋಡುತ್ತಾರೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೇಳಿದರೆ ಸಹಿ ಹಾಕಬೇಡಿ.