ಕಂಟೇನರ್ ಬಾಡಿಗೆಗೆ ಇಳಿಯೋ ಮುಂಚೆ ಕಾಗದ ನೋಡ್ಕೊಳ್ಳಿ

ಶಿವಮೊಗ್ಗ ಹತ್ರದ ಮಾಚೇನಹಳ್ಳಿ ಫೌಂಡ್ರಿಗಳ (ಎರಕದ ಕಾರ್ಖಾನೆಗಳ) ಮಾಲನ್ನು ಮಂಗಳೂರಿನ ಪಣಂಬೂರು ಬಂದರಿಗೆ ಹೊಡೆಯೋಣ ಅಂತ ಟ್ರೇಲರ್ ಕೊಳ್ಳುವ ಹುಡುಗರು ನನ್ನ ಹತ್ರ ಮೊದಲು ಕೇಳೋದೇ ಇನ್ಶೂರೆನ್ಸ್ ಪ್ರೀಮಿಯಂ ಎಷ್ಟು ಅಂತ. ಅದು ಆಮೇಲೆ ಮಾರಾಯ್ರೆ, ಮೊದಲು ಆರ್‌ಸಿ (ಗಾಡಿಯ ನೋಂದಣಿ ಪತ್ರ) ತೆಗೀರಿ. 20 ಅಡಿಯ ಖಾಲಿ ಕಂಟೇನರ್ ಡಬ್ಬಿಯೇ 2 ಟನ್ ದಾಟುತ್ತೆ. ಪಾರ್ಟಿ (ಮಾಲು ಕಳಿಸೋರು) ಹೇಳೋದು ಬರೀ ಮಾಲಿನ ತೂಕ. ಗಾಡಿ, ಡಬ್ಬಿ, ಮಾಲು ಮೂರೂ ಸೇರಿ ಆರ್‌ಸಿಯಲ್ಲಿರೋ ಒಟ್ಟು ತೂಕದೊಳಗೆ ಇರಬೇಕು.

ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಪತ್ರ) ಗಾಡಿಗೆ 8 ವರ್ಷ ಆಗೋವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನ್ಯಾಷನಲ್ ಪರ್ಮಿಟ್ ರಾಜ್ಯ ದಾಟಿದರೆ ಮಾತ್ರ ಬೇಕು.

ಇನ್ನು ಇನ್ಶೂರೆನ್ಸ್. ಥರ್ಡ್ ಪಾರ್ಟಿ ಕಡ್ಡಾಯ, ಆದರೆ ಅದರಲ್ಲಿ ನಿಮ್ಮ ಗಾಡಿಗೆ ಒಂದು ಪೈಸೆಯೂ ಬರಲ್ಲ. ಫುಲ್ ಇನ್ಶೂರೆನ್ಸ್ ಮಾಡಿಸಿದರೂ ಒಳಗಿನ ಮಾಲು ಅದರಲ್ಲಿ ಸೇರಲ್ಲ. ಮಾಲಿಗೆ ಪಾರ್ಟಿ ಮರೈನ್ ಪಾಲಿಸಿ (ಸಾಗಣೆಯಲ್ಲಿರೋ ಮಾಲಿನ ವಿಮೆ) ಮಾಡಿಸಿರ್ತಾರೆ ಅಂತ ನೆಮ್ಮದಿಯಾಗಿರಬೇಡಿ: ಇನ್ಶೂರೆನ್ಸ್ ಕಂಪನಿ ಅವರಿಗೆ ದುಡ್ಡು ಕೊಟ್ಟು, ವಸೂಲಿಗೆ ನಿಮ್ಮ ಬೆನ್ನು ಹತ್ತಬಹುದು. ಅದಕ್ಕೇ ಕ್ಯಾರಿಯರ್ಸ್ ಲೀಗಲ್ ಲಯಬಿಲಿಟಿ ಪಾಲಿಸಿ (ಮಾಲು ಸಾಗಿಸೋರ ಹೊಣೆಗೆ ವಿಮೆ) ಇರೋದು. ಪಾಲಿಸಿಯಲ್ಲಿ ಎಳೆಯೋ ಗಾಡಿಯ ನಂಬರ್ ಜೊತೆ ಟ್ರೇಲರ್ ನಂಬರೂ ಇದೆಯಾ ನೋಡಿ.

ಯಾರ್ಡ್ ಬಿಡೋ ಮುಂಚೆ ಡಬ್ಬಿ ಬಾಗಿಲಿನ ಸೀಲ್ ನಂಬರ್, ಡಬ್ಬಿಯ ಹಳೇ ತಗ್ಗುಗಳ ಫೋಟೋ ತೆಗೀರಿ. ಆಗುಂಬೆ ಘಾಟಿ ಕಡೆ ಮಾತ್ರ ತಿರುಗಿಸಬೇಡಿ, ಅಲ್ಲಿ ಭಾರೀ ವಾಹನ ಬಿಡಲ್ಲ.